ಎರಡು ಮಾರು ಹೆಚ್ಚಿನ ಸರಪಳಿ

ಅಂಗಡಿಯ ಮೆಟ್ಟಿಲು ಹತ್ತುವವರನ್ನು ಅಳೆದು ತೂಗುವುದು ನನ್ನ ಕಸುಬಿನ ಅರ್ಧ ಭಾಗ. ಚಪ್ಪಲಿ ನೋಡಿದರೆ ಎಷ್ಟು ಚೌಕಾಸಿ ಮಾಡುತ್ತಾರೆಂದು ತಿಳಿಯುತ್ತದೆ. ಹೆಂಡತಿ ಜೊತೆಗಿದ್ದರೆ ಗಂಡನಿಗೆ ಟೋಪಿ ಮಾರಬಹುದೋ ಇಲ್ಲವೋ ಎಂದು ತಿಳಿಯುತ್ತದೆ. ಹಾಗೆ ನೋಡಿದರೆ ಲಂಗರಣ್ಣ ಲಾಭದ ಸರಕಲ್ಲ. ಎತ್ತರ ಸಾಧಾರಣ, ಮೈಬಣ್ಣ ವರ್ಷಗಟ್ಟಲೆ ಬಿಸಿಲು ಕುಡಿದ ಟಾರ್ಪಾಲಿನದು. ಮೈಯಲ್ಲಿ ಕೊಬ್ಬಿಲ್ಲ, ಮಾತಿನಲ್ಲೂ ಇಲ್ಲ. ಬೆರಳುಗಳು ಮಾತ್ರ ಒಳ್ಳೆಯ ಮಾಲು: ಉಪ್ಪುನೀರಿನಲ್ಲಿ ಬಿಗಿದುಕೊಂಡ ಯಾವ ಗಂಟನ್ನಾದರೂ ಬಿಚ್ಚುತ್ತವೆ. ಗಿರಾಕಿಯಾಗಿ ಅವನಿಗೆ ನಾನು ಕೊಡುವುದು ಕೊನೆಯ ದರ್ಜೆ. ಹೊಸ ಹಗ್ಗ ತೋರಿಸಿ ಎನ್ನುತ್ತಾನೆ, ಉಗುರಿನಿಂದ ಕೆರೆಯುತ್ತಾನೆ, ಎಳೆ ಬಿಡಿಸಿ ಮೂಸುತ್ತಾನೆ, ಆಮೇಲೆ ಹಳೆಯದನ್ನೇ ಹೆಣೆದುಕೊಂಡರಾಯಿತು ಎಂದು ಹೊರಟುಹೋಗುತ್ತಾನೆ.

ಇನ್ನೊಂದು ಐಬು. ಕೂರುವುದಿಲ್ಲ. ಗಿರಾಕಿಗೆಂದು ನಾನು ಒಂದು ಸ್ಟೂಲ್ ಇಟ್ಟಿದ್ದೇನೆ. ಕೂತವರು ಏನಾದರೂ ಕೊಳ್ಳದೆ ಏಳುವುದಿಲ್ಲ ಎಂಬುದು ನನ್ನ ಅನುಭವ. ಲಂಗರಣ್ಣ ಆ ಸ್ಟೂಲಿನ ಸುತ್ತ ತಿರುಗುತ್ತಾನೆ, ಅದನ್ನು ಎತ್ತಿ ಬೇರೆ ಕಡೆ ಇಡುತ್ತಾನೆ, ತೂಗುಹಾಕಿದ ಟೋಪಿಗಳನ್ನು ಸರಿಪಡಿಸುತ್ತಾನೆ, ಬಾಗಿಲಿಗೆ ಹೋಗಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ ಬರುತ್ತಾನೆ. ಇಂಥವನಿಗೆ ಲಂಗರು ಎಂದು ಹೆಸರಿಟ್ಟವರ ನಾಲಿಗೆ ದೊಡ್ಡದು. ಹೆಸರು ಬಂದದ್ದು ಅವನು ನಿಂತಲ್ಲಿ ನಿಲ್ಲುತ್ತಾನೆಂದಲ್ಲ, ಯಾರಾದರೂ ಲಂಗರು ಹಾಕಿದರೆ ಅವರ ಮೇಲೆ ಹರಿಹಾಯುತ್ತಾನೆಂದು.

ನಮ್ಮ ದ್ವೀಪದ ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಹವಳ ಬೆಳೆದಿದೆ. ನಾವು ಅದನ್ನು ತೋಟ ಎನ್ನುತ್ತೇವೆ. ಹೊರಗಿನವರು ವಿಮಾನ ಹತ್ತಿ, ಹಡಗು ಹತ್ತಿ, ಕೊನೆಗೆ ನಮ್ಮವರ ದೋಣಿ ಹತ್ತಿ ನೋಡಲು ಬರುವುದು ಅದನ್ನೇ. ಮೊದಲು ದೋಣಿಯವರು ಅಲ್ಲಿಗೆ ಹೋಗಿ ಕಬ್ಬಿಣದ ಲಂಗರನ್ನು ಧೊಪ್ಪನೆ ಹಾಕುತ್ತಿದ್ದರು. ಅಜ್ಜನ ಕಾಲದಿಂದ ಬೆಳೆದ ಹವಳ ಹಪ್ಪಳದ ಹಾಗೆ ಮುರಿಯುತ್ತಿತ್ತು. ತೋಟವನ್ನು ನೋಡಲು ಬಂದವರೇ ತೋಟವನ್ನು ಮುಗಿಸುತ್ತಿದ್ದರು. ಲಂಗರಣ್ಣ ದೋಣಿಯವರ ಮನೆಮನೆಗೆ ಹೋಗಿ ತಲೆ ತಿಂದು, ಹವಳವಿಲ್ಲದ ಬರೀ ಮರಳಿನ ಜಾಗಗಳಲ್ಲಿ ಸಿಮೆಂಟಿನ ದಿಂಡುಗಳನ್ನು ಇಳಿಸುವಂತೆ ಮಾಡಿದ. ದಿಂಡಿಗೆ ಸರಪಳಿ, ಸರಪಳಿಯ ತುದಿಗೆ ನೀರ ಮೇಲೆ ತೇಲುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬುರುಡೆ. ದೋಣಿಗೊಂದು ಬುರುಡೆ. ಹೋಗು, ಅದಕ್ಕೆ ಕಟ್ಟು, ಜನರಿಗೆ ತೋರಿಸು, ಬಿಚ್ಚಿಕೊಂಡು ಬಾ. ಲಂಗರು ದೋಣಿಯಲ್ಲೇ ಮಲಗಿರಲಿ.

ಇದಕ್ಕೆ ಕಟ್ಟಳೆಗಳೂ ಇವೆ. ಹವಳ ಮುರಿದ ದೋಣಿ ತನ್ನ ಬುರುಡೆಯನ್ನು ಆ ಹಂಗಾಮು ಮುಗಿಯುವ ತನಕ ಕಳೆದುಕೊಳ್ಳುತ್ತದೆ. ಆದರೆ ಬುರುಡೆ ಕೀಳುವ ಮೊದಲು, ಸ್ವಂತ ದೋಣಿ ಇಲ್ಲದವನೊಬ್ಬ ಕಣ್ಣಾರೆ ನೋಡಿ ಹೇಳಬೇಕು. ದೋಣಿ ಇರುವವರ ಕಣ್ಣು ಹೊಟ್ಟೆಕಿಚ್ಚಿನಲ್ಲಿ ಇಲ್ಲದ್ದನ್ನೂ ನೋಡೀತು ಎಂಬ ಲೆಕ್ಕಾಚಾರ.

ಹೋದ ವರ್ಷ ಈ ಕಟ್ಟಳೆ ಬಿದ್ದದ್ದು ಲಂಗರಣ್ಣನ ಭಾವಮೈದನ ಮೇಲೆ. ಹೆಂಡತಿಯ ತಮ್ಮ. ಒಳ್ಳೆಯ ಮುಳುಗುಗಾರ. ಲಂಗರಣ್ಣ ಕಟ್ಟಿದ್ದನ್ನೆಲ್ಲ ನೀರಿಗಿಳಿದು ಇನ್ನೊಮ್ಮೆ ನೋಡುತ್ತಿದ್ದವನು ಅವನೇ. ಯಾರೋ ಪ್ರವಾಸಿಗರು ಇಲ್ಲೇ ನಿಲ್ಲಿಸು, ಫೋಟೊ ಬೇಕು ಎಂದು ದುಂಬಾಲು ಬಿದ್ದಾಗ ಬುರುಡೆಯಿಲ್ಲದ ಕಡೆ ಲಂಗರು ಹಾಕಿಬಿಟ್ಟ. ಊಟದ ಮೇಜಿನಷ್ಟು ಅಗಲದ ಹವಳ ಇಬ್ಭಾಗವಾಯಿತು. ಐಸ್ ಫ್ಯಾಕ್ಟರಿಯವನು ನೋಡಿ ಸಾಕ್ಷಿ ಹೇಳಿದ. ಲಂಗರಣ್ಣ ಸ್ವಂತ ಕೈಯಿಂದ ಭಾವಮೈದನ ಬುರುಡೆ ಬಿಚ್ಚಿದ. ಆ ಹಂಗಾಮು ಪೂರ್ತಿ ಭಾವಮೈದ ಜೆಟ್ಟಿಯ ಮೂಲೆಯಲ್ಲಿ ಕೂತು ಬೇರೆಯವರ ಇಂಜಿನ್ ರಿಪೇರಿ ಮಾಡಿದ. ಇಬ್ಬರಿಗೂ ಮಾತು ಬಿಟ್ಟುಹೋಯಿತು. ಮನೆಯಲ್ಲಿ ಲಂಗರಣ್ಣನ ಹೆಂಡತಿ ಗಂಡನಿಗೆ ಅನ್ನ ಬಡಿಸುವಾಗ ಸೌಟನ್ನು ತಟ್ಟೆಗೆ ಕುಟ್ಟುವ ಸದ್ದು ಬೀದಿಗೆ ಕೇಳುತ್ತಿತ್ತು.

ಈ ಹಂಗಾಮಿನಲ್ಲಿ ನಡೆದದ್ದು ಅವನ ಮಗಳ ವಿಷಯ.

ಮಗಳು ಹೋಟೆಲಿನವರ ದೋಣಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಕೊನೆಗೆ ಸ್ವಂತ ದೋಣಿ ಮಾಡಿಕೊಂಡಳು. ತಳಕ್ಕೆ ಗಾಜು ಕೂರಿಸಿದ್ದು. ನೀರಿಗಿಳಿಯಲು ಹೆದರುವವರು ಬೆಂಚಿನ ಮೇಲೆ ಕೂತು ಕಾಲ ಕೆಳಗಿನ ತೋಟವನ್ನು ನೋಡಬಹುದು. ಹೋಟೆಲಿನವರು ಈ ಒಂದು ಹಂಗಾಮು ನೋಡೋಣ, ಚೆನ್ನಾಗಿ ನಡೆಸಿದರೆ ನಮ್ಮ ಅತಿಥಿಗಳೆಲ್ಲ ನಿನ್ನ ದೋಣಿಗೇ ಎಂದಿದ್ದರು. ಅವಳ ಪಾಲಿಗೆ ಈ ಹಂಗಾಮೇ ಎಲ್ಲ.

ಸರಿಯಾಗಿ ಅದೇ ಹೊತ್ತಿಗೆ ಲಂಗರಣ್ಣನ ಕಿವಿಯಲ್ಲಿ ಕೀವು ತುಂಬಿತು. ವಾಸಿಯಾಗುವವರೆಗೆ ತಲೆ ನೀರಿಗೆ ತಾಗಿಸಕೂಡದು ಎಂದರು ಡಾಕ್ಟರು. ದಿನಾ ಬೆಳಿಗ್ಗೆ ಇಳಿದು ದಿಂಡು, ಕೊಂಡಿ, ಸರಪಳಿ ಎಲ್ಲವನ್ನೂ ಮುಟ್ಟಿ ನೋಡಿ ಬರುತ್ತಿದ್ದ ಮನುಷ್ಯ ದಡದ ಮೇಲೆ ಕಾಲು ಸುಟ್ಟ ಬೆಕ್ಕಾದ. ಕಿವಿಗೆ ಹತ್ತಿ ತುರುಕಿಕೊಂಡು ಜೆಟ್ಟಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ನನ್ನ ಅಂಗಡಿಗೆ. ಮಗಳ ದೋಣಿ ಬೇರೆಯವಕ್ಕಿಂತ ಅಗಲ, ಭಾರ. ಅದಕ್ಕೆ ಹೊಸ ದಿಂಡು ಇಳಿಸಿಯಾಗಿತ್ತು. ಸರಪಳಿ ನನ್ನಿಂದಲೇ ಒಯ್ದಿದ್ದ. ಮರುದಿನ ಮತ್ತೆ ಬಂದ.

"ಸಾವ್ಕಾರ್ರೇ, ಇನ್ನೊಂದು ಮಾರು ಕೊಡಿ."

"ನಿನ್ನೆ ತಗೊಂಡಿದ್ದು ಸಾಲದಾ?"

"ಸಾಲುತ್ತೆ. ಆದ್ರೂ ಇರ್ಲಿ."

"ಆದ್ರೂ ಇರ್ಲಿ ಅನ್ನೋರಿಂದಾನೇ ನನ್ನ ಅಂಗಡಿ ನಡೀತಿರೋದು. ತಗೋ."

"ಗಾಳಿ ತಿರುಗಿದ್ರೆ ದೋಣಿ ಜಗ್ಗುತ್ತೆ. ಒಳಗೆ ಮಂದಿ ಕೂತಿರ್ತಾರೆ. ಗಾಜು ಬೇರೆ. ಸರಪಳಿ ಉದ್ದ ಇದ್ರೆ ಅಷ್ಟು ಜಗ್ಗಲ್ಲ."

"ನೀನು ಇಳಿದು ನೋಡೋ ಹಾಗಿಲ್ಲ. ಭಾವಮೈದನಿಗೆ ಹೇಳು, ನೋಡ್ತಾನೆ."

ಅವನು ಕೈಯಲ್ಲಿದ್ದ ಸರಪಳಿಯನ್ನೇ ದಿಟ್ಟಿಸಿದ, ಮಾತಾಡಿದ್ದು ಅದೇ ಎಂಬಂತೆ. "ಯಾವ ಭಾವಮೈದ?"

"ಇರೋನು ಒಬ್ಬನೇ ಅಲ್ವ."

ಅವನು ಸ್ಟೂಲನ್ನು ಗೋಡೆಗೆ ಸರಿಸಿ ಹೋದ. ಸಂಜೆ ಮತ್ತೆ ಬಂದು ಇನ್ನೂ ಒಂದು ಮಾರು ಒಯ್ದ. ಹಳೆಯದನ್ನೇ ಹೆಣೆಯುವ ಮನುಷ್ಯ ಒಂದೇ ದಿನ ಎರಡು ಸಲ ಹೊಸ ಸರಪಳಿ ಕೊಂಡದ್ದು ನನ್ನ ಅಂಗಡಿಯ ಚರಿತ್ರೆಯಲ್ಲೇ ಇರಲಿಲ್ಲ. ನಾನು ಅದನ್ನು ಕಿವಿನೋವಿನ ಪುಣ್ಯ ಎಂದುಕೊಂಡೆ.

ಸರಪಳಿ ಜೋಡಿಸಲು ನೀರಿಗಿಳಿದವಳು ಮಗಳು. ಅಪ್ಪ ದೋಣಿಯಂಚಿನಲ್ಲಿ ಬಗ್ಗಿ ನಿಂತು ಅಪ್ಪಣೆ ಕೊಡುತ್ತಿದ್ದನಂತೆ. ಅವಳೇ ಆಮೇಲೆ ನನಗೆ ಹೇಳಿದ್ದು.

"ಅಪ್ಪ, ಇದು ಉದ್ದ ಆಯ್ತು."

"ಹಾಕು."

"ದೋಣಿ ಕಟ್ಟೋಕಾ, ಬಟ್ಟೆ ಒಣಗಿಸೋಕಾ ಇದು?"

"ಹಾಕು ಅಂದ್ನಲ್ಲ."

ಹಾಕಿದಳು. ದೋಣಿ ಚೆನ್ನಾಗಿಯೇ ನಡೆಯಿತು. ಬಿಸಿಲಿಗೆ ಕೆಂಪಾದ ಮೂಗುಗಳ ಪ್ರವಾಸಿಗರು ಗಾಜಿನ ಮೇಲೆ ಬಗ್ಗಿ ಮೀನು ನೋಡಿ, ವಾಪಸು ಬರುವಾಗ ನನ್ನಲ್ಲಿ ಟೋಪಿ ಕೊಂಡರು. ಹೋಟೆಲಿನ ಮ್ಯಾನೇಜರು ಜೆಟ್ಟಿಯವರೆಗೆ ಬಂದು ಅವಳಿಗೆ ಭೇಷ್ ಎಂದು ಹೋದ. ಲಂಗರಣ್ಣ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ನೋಡಿ ಕೊಡ್ತೀನಿ ಎಂದು ನನ್ನ ಅಂಗಡಿಯ ದುರ್ಬೀನು ಒಯ್ದವನು ದಿನವಿಡೀ ಮಗಳ ದೋಣಿಯನ್ನೇ ನೋಡುತ್ತಿದ್ದ. ಅದು ಅಲುಗಾಡದೆ ನಿಂತಿರುವುದು ಕಂಡು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದೋಣಿ ಇಷ್ಟು ಸುಮ್ಮನೆ ನಿಂತಿದೆಯಲ್ಲ ಎಂದು ಅದಕ್ಕೂ ಚಡಪಡಿಸಿದ.

"ನಿನಗೇನು ಬೇಕು?" ಎಂದೆ. "ಅಲುಗಾಡಬೇಕೋ, ಅಲುಗಾಡಬಾರದೋ?"

"ಕೆಳಗೆ ಹೆಂಗಿದೆಯೋ ಅಂತ."

"ಕೆಳಗೆ ನೀರಿದೆ. ಮೇಲೂ ಅದೇ."

"ನಿಮಗೆ ಹೇಳಿ ಏನು ಪ್ರಯೋಜನ. ಮೊಣಕಾಲಿಗಿಂತ ಮೇಲೆ ಸಮುದ್ರ ಹತ್ತಿಸಿಕೊಂಡವರಲ್ಲ ನೀವು."

ಅದು ನಿಜ. ಕಡಲಿನ ನೆರಳಿನಲ್ಲೇ ಅಂಗಡಿ ನಡೆಸಿದ್ದೇನೆ. ನೀರೊಳಗೆ ನೋಡುವ ಕನ್ನಡಕಗಳನ್ನು ಸಾಲಾಗಿ ತೂಗುಹಾಕಿ, ಇದರಲ್ಲಿ ಹವಳದ ಬಣ್ಣ ಎದ್ದು ಕಾಣುತ್ತೆ ಸಾರ್ ಎಂದು ಎಲ್ಲರಿಗೂ ಮಾರಿದ್ದೇನೆ. ಹವಳದ ಬಣ್ಣ ಯಾವುದೆಂದು ನನಗೆ ಗೊತ್ತಿರಲಿಲ್ಲ. ಸಮುದ್ರವೆಂದರೆ ನನಗೆ ದೂರದ ನೆಂಟರ ಹಾಗೆ: ಚೆನ್ನಾಗಿರಲಿ, ಅಲ್ಲೇ ಇರಲಿ.

ಗಾಳಿ ತಿರುಗಿತು. ಅಂಗಡಿಯ ಟೋಪಿಗಳು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮುಖ ತಿರುಗಿಸಿ ಆಚೆ ಕಡೆಗೆ ಹಾರಾಡತೊಡಗಿದವು. ಲಂಗರಣ್ಣನ ನಡಿಗೆ ಇನ್ನೂ ಬಿರುಸಾಯಿತು. ಆಮೇಲೆ ಕೆಲವು ದಿನ ಕಳೆದಿರಬೇಕು, ಮಗಳು ಕೊನೆಯ ಸುತ್ತು ಮುಗಿಸಿ ನೇರ ಅಂಗಡಿಗೆ ಬಂದಳು. ಬಂದವಳು ಕೂತಳು. ಅವಳಾದರೂ ಕೂರುತ್ತಾಳಲ್ಲ ಎಂದು ನನಗೆ ಖುಷಿಯಾಗುವಷ್ಟರಲ್ಲಿ ಅವಳ ಮುಖ ನೋಡಿದೆ.

"ಅಂಗಡಿ ಮಾಮ, ಅಪ್ಪ ಎಷ್ಟು ಹೆಚ್ಚಿಗೆ ಸರಪಳಿ ತಗೊಂಡ?"

"ಎರಡು ಮಾರು. ಗಿರಾಕಿ ಎಷ್ಟು ಕೇಳಿದ್ರೂ ಕೊಡೋದು ನನ್ನ ಧರ್ಮ. ಯಾಕೆ?"

"ಇವತ್ತು ಒಬ್ಬರು ಅಜ್ಜಿ ಬಂದಿದ್ರು. ಗಾಜಿನಿಂದ ನೋಡಿ, ಇಲ್ಲಿ ಯಾರಮ್ಮ ಕಸ ಗುಡಿಸಿರೋದು ಅಂದ್ರು."

ನನಗೆ ತಲೆಬುಡ ಗೊತ್ತಾಗಲಿಲ್ಲ. ಅವಳು ಕೌಂಟರಿನ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ಇದು ದಿಂಡು. ಇದರ ಸುತ್ತ ಮರಳು. ಸರಪಳಿ ಅಳತೆಗೆ ತಕ್ಕಂತಿದ್ದರೆ, ಗಾಳಿ ಯಾವ ಕಡೆ ಬೀಸಿದರೂ ಅದು ಮರಳಿನ ಮೇಲೇ ಸುತ್ತುತ್ತದೆ. ಎರಡು ಮಾರು ಹೆಚ್ಚಿದೆ. ಇಷ್ಟು ದಿನ ಗಾಳಿ ಬರೀ ಮರಳಿದ್ದ ಕಡೆಗೆ ಎಳೆಯುತ್ತಿತ್ತು. ಈಗ ಈ ಕಡೆಗೆ ತಿರುಗಿದೆ. ಈ ಕಡೆ ತೋಟ. ಅಲೆ ಬಂದಾಗಲೆಲ್ಲ ದೋಣಿ ಏಳುತ್ತದೆ, ಸರಪಳಿ ನೆಲದ ಮೇಲೆ ಅತ್ತಿತ್ತ ಎಳೆದಾಡುತ್ತದೆ. ಪೊರಕೆಯ ಹಾಗೆ.

"ಅಪ್ಪನಿಗೆ ಗೊತ್ತಾ?"

"ಗೊತ್ತಿಲ್ಲ. ಗೊತ್ತಾದ್ರೆ ಬುರುಡೆ ಕೀಳ್ತಾನೆ."

ನಾನು ವ್ಯಾಪಾರಿ. ಹಾಳಾದದ್ದನ್ನು ಕಟ್ಟಿಟ್ಟು ಉಳಿದದ್ದನ್ನು ಮಾರುವುದು ನಮಗೆ ಸಹಜ. "ನೋಡು ಮಗಳೇ," ಎಂದೆ, "ಬೆಳಿಗ್ಗೆ ಎದ್ದು ಹೋಗಿ ಎರಡು ಮಾರು ಕಳಚಿ ತಂದುಬಿಡು. ನಾನೇ ವಾಪಸು ತಗೋತೀನಿ. ಕೊಟ್ಟ ಮಾಲು ವಾಪಸು ತಗೊಂಡಿದ್ದು ನನ್ನ ಜನ್ಮದಲ್ಲಿ ಇಲ್ಲ, ನಿನಗೋಸ್ಕರ ತಗೋತೀನಿ. ಆದದ್ದು ಆಯ್ತು. ನೀರಿನ ಕೆಳಗಿನ ವಿಷಯ, ನೀರಿನ ಕೆಳಗೇ ಇರ್ಲಿ."

ಅವಳು ಬೆರಳಿನಿಂದ ಕೌಂಟರಿನ ಮೇಲೆ ಅರ್ಧ ಚಕ್ರ ಬರೆಯುತ್ತಲೇ ಇದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಲಂಗರಣ್ಣ ಹತ್ತಿಯ ಉಂಡೆ ತೆಗೆದು ಇನ್ನೊಂದು ಹಾಕಿಕೊಳ್ಳುತ್ತ ನಿಂತಿದ್ದ.

"ಏನು ಗುಸುಗುಸು?"

ನಾನು ಟೋಪಿಯ ವಿಷಯ ಎನ್ನಲು ಬಾಯಿ ತೆರೆದೆ. ಮಗಳು ನನಗಿಂತ ಮೊದಲು ಹೇಳಿದಳು. ಒಂದೂ ಬಿಡದೆ, ಅಜ್ಜಿಯ ಮಾತಿನ ಸಮೇತ.

ಲಂಗರಣ್ಣ ಕೂತ. ಮಗಳು ಬಿಟ್ಟೆದ್ದ ಸ್ಟೂಲಿನ ಮೇಲೆ, ನನ್ನ ಕಣ್ಣೆದುರು, ಮೊದಲ ಸಲ. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಎದ್ದು ಬಾಗಿಲಿಗೆ ಹೋಗಿ ಗಾಳಿ ನೋಡಿದ.

"ಸಾಕ್ಷಿ ಯಾರು?" ಎಂದ.

"ಐಸ್ ಫ್ಯಾಕ್ಟರಿಯವನು ಈಗ ದೋಣಿ ತಗೊಂಡಿದ್ದಾನೆ," ಎಂದಳು ಮಗಳು.

ಇಬ್ಬರೂ ನನ್ನ ಕಡೆ ತಿರುಗಿದರು. ಜೆಟ್ಟಿಯ ಮೇಲೆ ದೋಣಿ ಇಲ್ಲದ ಗಂಡಸು ನಾನೊಬ್ಬನೇ ಎಂಬುದು ನನಗೂ ಆಗಲೇ ಹೊಳೆದದ್ದು.

"ನನಗೆ ಈಜು ಬರಲ್ಲ," ಎಂದೆ.

"ಈಜೋಕೆ ಯಾರು ಕರೆದ್ರು. ನೋಡೋಕೆ ಕರೀತಿರೋದು," ಎಂದ ಲಂಗರಣ್ಣ.

ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿಗೆ ಹೇಳಿದೆ. ಮುಖ ತೊಳೆಯೋಕೂ ಚೆಂಬಿನಲ್ಲಿ ನೀರು ಅಳೆಯೋರು ನೀವು, ಸಮುದ್ರಕ್ಕೇನು ತಗೊಂಡು ಹೋಗ್ತೀರಿ ಎಂದಳು. ನಗು ಬರಲಿಲ್ಲ. ನಾಳೆ ನನ್ನ ಒಂದು ಮಾತಿನಿಂದ ಆ ಹುಡುಗಿಯ ಹಂಗಾಮು ಉಳಿಯಬೇಕು ಅಥವಾ ಹೋಗಬೇಕು.

ಬೆಳಿಗ್ಗೆ ಜೆಟ್ಟಿಗೆ ಹೋದರೆ ದೋಣಿಯಲ್ಲಿ ಮಗಳು, ಲಂಗರಣ್ಣ, ಅವರ ಜೊತೆ ಭಾವಮೈದ. ಲಂಗರಣ್ಣ ಹಿಂದಿನ ಸಂಜೆಯೇ ಅವನ ಮನೆ ಬಾಗಿಲಿಗೆ ಹೋಗಿ, ನನಗೆ ಇಳಿಯೋಕಾಗಲ್ಲ, ಸಾವ್ಕಾರ್ರನ್ನ ಹಿಡ್ಕೊಳ್ಳೋಕೆ ಒಬ್ಬ ಬೇಕು ಎಂದಿದ್ದನಂತೆ. ಒಂದು ವರ್ಷದ ಮೌನ ಮುರಿದದ್ದು ನನ್ನ ತೂಕದ ನೆಪದಲ್ಲಿ.

"ಏನ್ ಸಾವ್ಕಾರ್ರೇ," ಎಂದ ಭಾವಮೈದ, ನನ್ನ ಸೊಂಟಕ್ಕೆ ಪಟ್ಟಿ ಬಿಗಿಯುತ್ತ, "ಕನ್ನಡಕ ನಿಮ್ಮ ಅಂಗಡೀದೇನಾ? ನೀರು ಸೋರಿದ್ರೆ ಯಾರನ್ನ ಬೈತೀರಿ?"

ತೋಟದ ಹತ್ತಿರ ಬಂದೆವು. ದೋಣಿಯನ್ನು ಬುರುಡೆಗೆ ಕಟ್ಟಿದರು. ಭಾವಮೈದ ಮೊದಲು ನೀರಿಗಿಳಿದು ನನ್ನನ್ನು ಅಕ್ಕಿಮೂಟೆಯ ಹಾಗೆ ಇಳಿಸಿಕೊಂಡ. ಒಂದು ಕೈಯಲ್ಲಿ ಏಣಿ ಹಿಡಿದು, ಉಸಿರಾಡುವ ಕೊಳವೆ ಕಚ್ಚಿ, ಇದ್ದಬದ್ದ ದೇವರನ್ನೆಲ್ಲ ನೆನೆದು ಮುಖವನ್ನು ನೀರಿಗೆ ಅದ್ದಿದೆ.

ಮೊದಲು ನನ್ನ ಉಸಿರಿನ ಸದ್ದೇ. ಆಮೇಲೆ ಕಣ್ಣು ಹೊಂದಿಕೊಂಡಿತು. ಕಾಲ ಕೆಳಗೆ ಒಂದು ಊರೇ ಇತ್ತು. ಹೂಕೋಸಿನಂಥವು, ಜಿಂಕೆಯ ಕೊಂಬಿನಂಥವು, ಮಡಿಸಿಟ್ಟ ಬಟ್ಟೆಯ ಅಂಚಿನಂಥವು. ನೇರಳೆ, ಹಳದಿ, ನಾನು ಯಾವ ಬಟ್ಟೆಯಂಗಡಿಯಲ್ಲೂ ನೋಡದ ಒಂದು ಹಸಿರು. ಮೀನುಗಳು ಸಂತೆಗೆ ಹೊರಟವರ ಹಾಗೆ ಓಡಾಡುತ್ತಿದ್ದವು. ಭಾವಮೈದ ನನ್ನ ಭುಜ ತಟ್ಟಿ ಇನ್ನೊಂದು ಕಡೆ ಕೈ ತೋರಿಸಿದ. ಅಲ್ಲಿ ಅರ್ಧ ಚಂದ್ರದ ಆಕಾರದಲ್ಲಿ ಎಲ್ಲವೂ ಬೋಳು. ತೊಳೆದಿಟ್ಟ ತಟ್ಟೆಯಷ್ಟು ಬಿಳಿ. ಅಂಚಿನಲ್ಲಿ ಮುರಿದ ಚೂರುಗಳ ರಾಶಿ. ಅದರ ನಡುವೆ ನಾನು ಮಾರಿದ ಸರಪಳಿ, ಇನ್ನೂ ಹೊಸ ಹೊಳಪು ಹೋಗದ್ದು, ಅಲೆ ಬಂದಾಗ ಎದ್ದು, ಅಲೆ ಹೋದಾಗ ಬಿದ್ದು, ತನ್ನ ಕೆಲಸ ಮಾಡುತ್ತಿತ್ತು. ಬೆರಳುದ್ದದ ನೀಲಿ ಮೀನುಗಳ ಗುಂಪೊಂದು ಆ ಬೋಳು ಜಾಗದ ಮೇಲೆಯೇ ಸುತ್ತುತ್ತಿತ್ತು. ಪಕ್ಕದಲ್ಲೇ ಬೇಕಾದಷ್ಟು ತೋಟ ಇದ್ದರೂ ಅತ್ತ ಹೋಗುತ್ತಿರಲಿಲ್ಲ. ತಮ್ಮ ಮನೆ ಇದ್ದದ್ದು ಇಲ್ಲೇ ಎಂಬ ಹಾಗೆ.

ತಲೆ ಎತ್ತಿದೆ. ಮೇಲೆ ಅಪ್ಪ, ಮಗಳು ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಸ್ವಲ್ಪ ಕೆರೆದಿದೆ, ಅಂಥದ್ದೇನಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬೆಳಗಿನಿಂದ ಅದನ್ನೇ ಸಿದ್ಧಪಡಿಸಿಕೊಂಡು ಬಂದಿದ್ದೆ. ಆ ನೀಲಿ ಮೀನುಗಳನ್ನು ನೋಡದಿದ್ದರೆ ಹೇಳಿಯೂ ಬಿಡುತ್ತಿದ್ದೆ.

"ಗುಡಿಸಿ ಹಾಕಿದೆ," ಎಂದೆ. "ಅರ್ಧ ಅಂಗಳದಷ್ಟು. ಸರಪಳಿ ಅದರ ಮೇಲೇ ಇದೆ."

ಮಗಳು ಆಚೆ ತಿರುಗಿದಳು. ಭಾವಮೈದ ಈಗ ನಗುತ್ತಾನೆ, ಹೋದ ವರ್ಷದ್ದನ್ನು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾನೆ ಎಂದುಕೊಂಡೆ. ಅವನು ನನ್ನನ್ನು ಮೇಲೆ ಹತ್ತಿಸಿ, ಏಣಿಗೆ ಜೋತುಬಿದ್ದು ಹೇಳಿದ:

"ಭಾವ, ಎರಡು ಮಾರು ಕಡಿಮೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ."

"ಗೊತ್ತು."

"ನನ್ನ ಕರೆದಿದ್ರೆ ಇಳಿದು ನೋಡಿ ಹೇಳ್ತಿದ್ದೆ."

"ಗೊತ್ತು ಅಂದ್ನಲ್ಲ."

"ಅವಳದ್ದು ಬಿಟ್ಟುಬಿಡು. ಕೂಸು. ತಪ್ಪು ನಿಂದು."

"ಹೋದ ವರ್ಷ ನಿನ್ನನ್ನ ಬಿಟ್ಟಿದ್ನಾ?"

"ಇಲ್ಲ."

"ಮತ್ತೆ?"

ಆಗ ಮಗಳು ತಿರುಗಿದಳು. ಕಣ್ಣು ಒಣಗಿತ್ತು. "ಸರಪಳಿ ನಿಂದು, ಸೀಸನ್ ನಂದು," ಎಂದಳು. "ಉದ್ದ ಆಯ್ತು ಅಂತ ಅವತ್ತೇ ಹೇಳಿದ್ದೆ."

ಲಂಗರಣ್ಣ ಇದಕ್ಕೆ ಸಮಜಾಯಿಷಿ ಹುಡುಕಲಿಲ್ಲ. "ಹೌದು, ನೀನು ಹೇಳಿದ್ದೆ," ಎಂದ. ಆಮೇಲೆ ಬಗ್ಗಿ, ಉಪ್ಪಿನಲ್ಲಿ ಬಿಗಿದಿದ್ದ ಬುರುಡೆಯ ಗಂಟನ್ನು ಬಿಚ್ಚಿದ. ಆ ಬೆರಳುಗಳಿಗೆ ಅಷ್ಟು ಹೊತ್ತು ಹಿಡಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ಭಾವಮೈದ ಕೆಳಗಿಳಿದು ಸರಪಳಿಯನ್ನು ದಿಂಡಿನಿಂದ ಕಳಚಿ ತಂದ. ಬುರುಡೆಯನ್ನು ಬೆಂಚಿನ ಮೇಲೆ ಇಟ್ಟುಕೊಂಡು ದಡಕ್ಕೆ ಬಂದೆವು. ದಾರಿಯುದ್ದಕ್ಕೂ ಇಂಜಿನ್ ಒಂದೇ ಗೊಣಗುತ್ತಿತ್ತು.

ಹೋಟೆಲಿನವರು ಬೇರೆ ದೋಣಿ ಗೊತ್ತು ಮಾಡಿಕೊಂಡರು. ಮಗಳು ಗಾಜಿನ ದೋಣಿಯನ್ನು ತೋಟ ಬಿಟ್ಟು ಕಡಲಹುಲ್ಲು ಬೆಳೆದ ಕಡೆಗೆ ಒಯ್ಯತೊಡಗಿದಳು. ಅಲ್ಲಿ ಎಲ್ಲಿಯೂ ಕಟ್ಟಬೇಕಿಲ್ಲ, ಇಂಜಿನ್ ಆರಿಸಿ ತೇಲಿದರಾಯಿತು. ಹುಲ್ಲು ನೋಡೋಕೆ ಇಷ್ಟು ದೂರ ಬಂದ್ವಾ ಎಂದು ಜನ ಮೂಗು ಮುರಿದರು. ಆಮೆಯೊಂದು ಮೇಯಲು ಬಂದ ದಿನ ಮಾತ್ರ ಬಾಯಿ ಮುಚ್ಚಿಕೊಂಡು ನೋಡಿದರು. ಆಮೆ ಬರಲೇಬೇಕೆಂಬ ಕರಾರೇನೂ ಇಲ್ಲ. ಬಹಳ ದಿನ ದೋಣಿಯ ಬೆಂಚುಗಳು ಅರ್ಧ ಖಾಲಿ. ಮನೆಯಲ್ಲಿ ಈಗ ಎರಡು ಸೌಟುಗಳ ಸದ್ದು.

ಕಿವಿ ವಾಸಿಯಾದ ದಿನವೇ ಲಂಗರಣ್ಣ ನೀರಿಗಿಳಿದ. ಮುರಿದ ಚೂರುಗಳಲ್ಲಿ ಜೀವವಿದ್ದವನ್ನು ಆರಿಸಿ, ಬಂಡೆಯ ಸಂದಿಗಳಲ್ಲಿ ನೆಟ್ಟಗೆ ಕೂರಿಸುತ್ತಾನೆ. ಕೆಲವು ಹಿಡಿದುಕೊಂಡಿವೆ. ಹೆಚ್ಚಿನವು ಪಾಚಿ ಕಟ್ಟಿ ಬೂದುಬಣ್ಣಕ್ಕೆ ತಿರುಗಿವೆ. ಅವನು ಕೂರಿಸಿದ್ದನ್ನು ಭಾವಮೈದ ಇಳಿದು ನೋಡಿ, ಇದು ವಾಲಿದೆ, ಅದು ಸತ್ತಿದೆ ಎಂದು ಹೇಳುತ್ತಾನೆ. ಲಂಗರಣ್ಣ ಕೇಳಿಸಿಕೊಳ್ಳುತ್ತಾನೆ. ಮೇಲೆ ಬಂದರೆ ಅದೇ ಓಡಾಟ. ಹೋದ ವಾರ ಗಾಳಿ ನೋಡಲು ನನ್ನ ಬಾಗಿಲಿಗೆ ಎಷ್ಟು ಸಲ ಬಂದನೋ, ಹೊಸ್ತಿಲು ಸವೆಯುತ್ತದೆ ಎಂದು ಬೈದೆ.

ಮೊನ್ನೆ ಮಗಳು ಬಂದಳು, ಮುಂದಿನ ಹಂಗಾಮಿಗೆ ಸರಪಳಿ ಬೇಕೆಂದು. ಅಪ್ಪ ಒಳಗೆ ಬರದೆ ಮೆಟ್ಟಿಲಿನ ಆಚೆ ನಿಂತಿದ್ದ.

"ಎಷ್ಟು ಕೊಡ್ಲಿ?" ಎಂದೆ.

"ಅಪ್ಪನ್ನೇ ಕೇಳಿ."

"ಅವಳು ಹೇಳಿದಷ್ಟು ಕೊಡಿ ಸಾವ್ಕಾರ್ರೇ," ಎಂದ ಅವನು ಹೊರಗಿನಿಂದಲೇ, ಮುಖ ಸಮುದ್ರದ ಕಡೆಗಿಟ್ಟುಕೊಂಡು. "ಒಂದು ಕೊಂಡಿಯೂ ಹೆಚ್ಚಿಗೆ ಬೇಡ."

ಅವಳು ಸ್ವಲ್ಪ ಹೊತ್ತು ಅವನ ಬೆನ್ನು ನೋಡಿದಳು. ಆಮೇಲೆ ಅಳತೆ ಹೇಳಿದಳು. ಹೊರಡುವಾಗ ಸರಪಳಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಅದನ್ನು ನಡುವೆ ತೂಗಾಡಿಸಿಕೊಂಡು ಜೆಟ್ಟಿಯ ಕಡೆಗೆ ನಡೆದರು, ಅವನು ಒಂದು ಹೆಜ್ಜೆ ಮುಂದೆ, ಅವಳು ನಿಧಾನ ಎಂದು ಎಳೆಯುತ್ತ.

ನಾನು ಈಗ ಕನ್ನಡಕ ಮಾರುವಾಗ ಹವಳದ ಬಣ್ಣದ ಮಾತೆತ್ತಿದರೆ ಯಾವ ಬಣ್ಣ ಎಂದೂ ಹೇಳುತ್ತೇನೆ. ಕಾಲೂರಬೇಡಿ, ಮುಟ್ಟಬೇಡಿ, ತೇಲಿಕೊಂಡು ನೋಡಿ ಎಂದೂ ಹೇಳುತ್ತೇನೆ. ಕೆಲವರಿಗೆ ಈ ಉಪದೇಶ ಹಿಡಿಸದೆ ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಜೀವಮಾನವಿಡೀ ನಾನು ಮಾರಿದ ವಸ್ತುವಿನಲ್ಲಿ ಏನು ಕಾಣುತ್ತದೆ ಎಂದು ನನಗೆ ತೋರಿಸಿದವನು ಲಂಗರಣ್ಣ. ಅದನ್ನು ತೋರಿಸಲು ಅವನು ತೆತ್ತದ್ದು ಸ್ವಂತ ಮಗಳ ಹಂಗಾಮು. ಆ ಋಣ ನನ್ನ ಮೇಲಿದೆ.